ಹುಡುಗಿಯರ ಕೈಗೂ ಲೆಕ್ಕ ಬರಲಿ

ಸೊಲ್ಲಾಪುರವೆಂದರೆ ಚಾದರ, ಅಕ್ಕಲಕೋಟೆಯೆಂದರೆ ಸ್ವಾಮಿ ಸಮರ್ಥರು. ಇದು ಎಲ್ಲರಿಗೂ ಗೊತ್ತು. ನಮ್ಮ ಭಾಗದ ಕಡಕ ರೊಟ್ಟಿ, ಶೇಂಗಾ ಚಟ್ನಿಗಳೂ ಈಗ ದೂರದ ಊರುಗಳಿಗೆ ಹೋಗುತ್ತವೆ. ರೊಟ್ಟಿ ಬಡಿಯುವವರು ಹೆಂಗಸರು. ಬೀಡಿ ಕಟ್ಟುವವರೂ ಬಹುತೇಕ ಹೆಂಗಸರು. ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವವರೂ ಹೆಚ್ಚಾಗಿ ಅವರೇ. ಆದರೆ ಕಾರಖಾನೆಯ ಮಾಲಕರ ಹೆಸರು ಹೇಳಿ ಎಂದರೆ ನಾವು ಗಂಡಸರ ಹೆಸರುಗಳನ್ನೇ ಹೇಳುತ್ತೇವೆ. ಹೀಗೇಕೆ?

ಹುಡುಗಿಯರಿಗೆ ವ್ಯಾಪಾರ ತಿಳಿಯುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಚಿಕ್ಕಂದಿನಲ್ಲಿ ಅವರಿಗೆ ಅದನ್ನು ಕಲಿಯಲು ಬಿಡುವವರು ಕಡಿಮೆ.

ನಮ್ಮ ರಾಜ್ಯದ ಅಕೋಲಾ ಜಿಲ್ಲೆಯ ಹಳ್ಳಿಯೊಂದರಲ್ಲಿ 1961ರಲ್ಲಿ ಕಲ್ಪನಾ ಸರೋಜ ಹುಟ್ಟಿದರು. ಬಡ ದಲಿತ ಕುಟುಂಬ. ತಂದೆ ಪೊಲೀಸ್ ಪೇದೆ. ಹನ್ನೆರಡನೆಯ ವಯಸ್ಸಿನಲ್ಲಿಯೇ ಕಲ್ಪನಾಳ ಮದುವೆಯಾಯಿತು, ಶಾಲೆ ತಪ್ಪಿತು. ಮುಂಬಯಿಯ ಗಂಡನ ಮನೆಯಲ್ಲಿ ಹೊಡೆತ, ಬಯ್ಗುಳ. ಕೆಲವು ತಿಂಗಳ ಮೇಲೆ ತಂದೆ ಮಗಳನ್ನು ನೋಡಲು ಬಂದರು. ಅವಳ ಸ್ಥಿತಿ ಕಂಡು, ಜನ ಏನೆಂದಾರು ಎಂದು ಯೋಚಿಸದೆ ಮನೆಗೆ ಕರೆತಂದರು. ಊರವರು ಆಡಿಕೊಂಡದ್ದೂ ಉಂಟು. ಹುಡುಗಿಗೆ ಹೊಲಿಗೆ ಬರುತ್ತಿತ್ತು. ಅದನ್ನೇ ನಂಬಿ ಹದಿನಾರರ ಸುಮಾರಿಗೆ ಮತ್ತೆ ಮುಂಬಯಿಗೆ ಹೋದಳು. ಬಟ್ಟೆ ಕಾರಖಾನೆಯಲ್ಲಿ ದಿನಕ್ಕೆ ಎರಡು ರೂಪಾಯಿ ಕೂಲಿ. ಮುಂದೆ ಸಾಲ ಪಡೆದು ಸ್ವಂತ ಹೊಲಿಗೆ ಕೆಲಸ, ಆಮೇಲೆ ಕುರ್ಚಿ-ಮಂಚಗಳ ವ್ಯಾಪಾರ. ಕೊನೆಗೆ, ಸಾಲದಲ್ಲಿ ಮುಳುಗಿದ್ದ ಕಮಾನಿ ಟ್ಯೂಬ್ಸ್ ಎಂಬ ಕಾರಖಾನೆಯ ಹೊಣೆಯನ್ನು ಹೊತ್ತು ಅದನ್ನು ಮತ್ತೆ ನಡೆಸಿದರು. 2013ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು.

ಕಷ್ಟವೇ ಅವರನ್ನು ದೊಡ್ಡವರನ್ನಾಗಿ ಮಾಡಿತು ಎನ್ನುವವರು ಇದ್ದಾರೆ. ಹಾಗಿದ್ದರೆ ಹನ್ನೆರಡಕ್ಕೆ ಮದುವೆಯಾದ ಹುಡುಗಿಯರೆಲ್ಲ ಕಾರಖಾನೆ ನಡೆಸಬೇಕಿತ್ತು! ಹೆಚ್ಚಿನವರು ಅಲ್ಲಿಯೇ ಉಳಿದುಹೋದರು. ಕಲ್ಪನಾ ಅವರಿಗೆ ಮರಳಿ ಕರೆತರುವ ತಂದೆ ಇದ್ದರು, ಕೈಯಲ್ಲಿ ಒಂದು ಕಸುಬು ಇತ್ತು.

ಬೆಂಗಳೂರಿನ ಕಿರಣ ಮಜುಂದಾರ್ ಶಾ ಅವರ ಬಾಲ್ಯ ಬೇರೆಯೇ ತರಹದ್ದು. 1953ರಲ್ಲಿ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದವರು. ವೈದ್ಯಕೀಯ ಶಿಕ್ಷಣಕ್ಕೆ ಹೋಗಲು ಆಗದಿದ್ದಾಗ ತಂದೆ ತಮ್ಮದೇ ವಿದ್ಯೆಯಾದ ಹುದುಗಿಸುವ ಶಾಸ್ತ್ರವನ್ನು ಕಲಿಯಲು ಮಗಳನ್ನು ಆಸ್ಟ್ರೇಲಿಯಾಕ್ಕೆ ಕಳಿಸಿದರು. (ದೋಸೆಯ ಹಿಟ್ಟು ರಾತ್ರಿ ಉಬ್ಬುತ್ತದಲ್ಲ, ಅದೇ ಹುದುಗುವುದು.) ಕಲಿತು ಬಂದರೂ ಹೆಣ್ಣೆಂದು ಕೆಲಸ ಸಿಗಲಿಲ್ಲ. 1978ರಲ್ಲಿ ಹತ್ತು ಸಾವಿರ ರೂಪಾಯಿಯಿಂದ, ಬಾಡಿಗೆ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ಬಯೋಕಾನ್ ಆರಂಭಿಸಿದರು. ಮೊದಮೊದಲು ತಯಾರಿಸಿದ್ದರಲ್ಲಿ ಪಪ್ಪಾಯಿಯಿಂದ ತೆಗೆದ ವಸ್ತುವೂ ಒಂದು. ಇಂದು ಅದು ದೊಡ್ಡ ಔಷಧ ಕಂಪನಿ.

ಒಬ್ಬರದು ಬಡತನ, ಇನ್ನೊಬ್ಬರದು ಅನುಕೂಲ. ಎರಡೂ ಮನೆಗಳಲ್ಲಿ ಮಗಳನ್ನು ನಂಬುವ ತಂದೆ ಇದ್ದರು. ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವುದು ಅಣ್ಣನ ಕೆಲಸ, ಕಸಬರಿಗೆ ಹಿಡಿಯುವುದು ತಂಗಿಯ ಕೆಲಸ. ಇದು ಬದಲಾಗಬೇಕು. ರೊಟ್ಟಿ ಬಡಿಯುವುದನ್ನು ಹುಡುಗರೂ ಕಲಿಯಲಿ. ಜೋಳದ ಹಿಟ್ಟು ಹುಡುಗ-ಹುಡುಗಿ ಎಂದು ನೋಡುವುದಿಲ್ಲ.

ಹಾಗೆಂದು ಹುಡುಗಿಯರನ್ನು ಶಾಲೆ ಬಿಡಿಸಿ ಬೀಡಿ ಕಟ್ಟಲು ಕೂರಿಸಿ ಎಂದು ಯಾರೂ ತಿಳಿಯಬಾರದು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಅಂಥ ಕೆಲಸಕ್ಕೆ ಹಚ್ಚುವುದು ಕಾನೂನಿನಲ್ಲಿಯೇ ಅಪರಾಧ. ಸಾವಿರ ಬೀಡಿ ಕಟ್ಟಿದ ಹುಡುಗಿಗೆ ಬೆರಳುನೋವು ಸಿಗುತ್ತದೆ. ಆ ಸಾವಿರಕ್ಕೆ ದರ ಗೊತ್ತುಪಡಿಸುವುದು ಹೇಗೆಂಬುದು ತಿಳಿಯುವುದಿಲ್ಲ. ಅದಕ್ಕೆ ಶಾಲೆ ಬೇಕು, ಗಣಿತ ಬೇಕು.

ನಿಮ್ಮ ತಾಯಿ ಬಚತ್ ಗಟದಲ್ಲಿ ಇದ್ದರೆ ಅದರ ಪುಸ್ತಕವನ್ನು ಒಮ್ಮೆ ಓದಿ ನೋಡಿ. ಎಷ್ಟು ಉಳಿತಾಯ, ಎಷ್ಟು ಸಾಲ, ಬಡ್ಡಿ ಎಷ್ಟು ಎಂದು ಕೇಳಿ. ನಿಮ್ಮ ಮನೆಯಲ್ಲಿ ರೊಟ್ಟಿ ಮಾರುತ್ತಿದ್ದರೆ ಜೋಳ, ಗಿರಣಿ, ಉರುವಲು, ಬಸ್ಸಿನ ಖರ್ಚು ಕಳೆದು ಒಂದು ರೊಟ್ಟಿಗೆ ಎಷ್ಟು ಉಳಿಯಿತೆಂದು ಬರೆಯಿರಿ. ಐದನೆಯ ಇಯತ್ತೆಯ ಹುಡುಗಿಗೆ ಈ ಲೆಕ್ಕ ಕಠಿಣವಲ್ಲ. ಎಷ್ಟೋ ಮನೆಗಳಲ್ಲಿ ಅದನ್ನು ಈವರೆಗೆ ಯಾರೂ ಮಾಡಿಯೇ ಇಲ್ಲ.