ವಾಪಸ್ ಬರೋದೂ ಪ್ಲಾನ್‌ನಲ್ಲೇ ಇರಲಿ

ಸೆಮ್ ಪರೀಕ್ಷೆ ಹತ್ತಿರ ಬಂತು ಅಂದ್ರೆ ಸಾಕು, ಪ್ರತಿ ಹಾಸ್ಟೆಲ್‌ನಲ್ಲೂ ಲಡಾಖ್ ಹೆಸರಲ್ಲಿ ಒಂದು ವಾಟ್ಸಾಪ್ ಗ್ರೂಪ್ ಹುಟ್ಟಿಕೊಳ್ಳುತ್ತೆ. ಮೊದಲ ವಾರ ವಿಮಾನದ ಟಿಕೆಟ್ ರೇಟಿನ ಚರ್ಚೆ, ಎರಡನೇ ವಾರ ಶೂ, ಜಾಕೆಟ್, ಬಾಡಿಗೆಯ ಸ್ಲೀಪಿಂಗ್ ಬ್ಯಾಗು. ಆಮೇಲೆ ಒಂದು ಗೂಗಲ್ ಶೀಟ್, ದಿನಕ್ಕೊಂದು ಸಾಲು. ಆ ಶೀಟ್‌ನಲ್ಲಿ ಒಂದು ವಿಷಯ ಮಾತ್ರ ಇರಲ್ಲ: ಹವಾಮಾನ ಕೆಟ್ಟರೆ, ಯಾರಿಗಾದ್ರೂ ಹುಷಾರು ತಪ್ಪಿದರೆ, ಎಲ್ಲಿಂದ ಮತ್ತು ಯಾರ ಮಾತಿಗೆ ತಿರುಗಿ ಬರಬೇಕು? ಪ್ಲಾನ್ ಶುರುವಾಗಬೇಕಾದ್ದೇ ಈ ಪ್ರಶ್ನೆಯಿಂದ ಅನ್ನೋದು ನಮ್ಮ ವಾದ.

ಇದನ್ನು ಹೆದರಿಸೋಕೆ ಹೇಳ್ತಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ತಂಡವೊಂದು ಹಿಮಗಾಳಿಗೆ ಸಿಕ್ಕಿಕೊಂಡು, ಕರ್ನಾಟಕದ ಒಂಬತ್ತು ಮಂದಿ ತೀರಿಕೊಂಡರು. ಅವರಲ್ಲಿ ಚಾರಣದ ಅನುಭವ ಇದ್ದವರೂ ಇದ್ದರು. ಯಾರದ್ದು ತಪ್ಪು ಅಂತ ತೀರ್ಪು ಕೊಡೋಕೆ ನಾವ್ಯಾರೂ ಅಲ್ಲ. ಆದರೆ ಅಷ್ಟು ಎತ್ತರದಲ್ಲಿ ಅನುಭವ ಇದ್ದವರಿಗೂ ಹವಾಮಾನ ರಿಯಾಯಿತಿ ಕೊಡಲ್ಲ ಅನ್ನೋದನ್ನ ಮರೆಯಬಾರದು.

ನಮ್ಮವರು ಹೆಚ್ಚಾಗಿ ಆರಿಸಿಕೊಳ್ಳೋ ಮಾರ್ಖಾ ಕಣಿವೆಯನ್ನೇ ತಗೊಳ್ಳಿ. ಚಿಲ್ಲಿಂಗ್‌ನಿಂದ ಹೊರಟು ಸ್ಕಿಯು, ಮಾರ್ಖಾ, ಹಂಕರ್ ಹಳ್ಳಿಗಳನ್ನು ದಾಟಿ, ನಿಮಾಲಿಂಗ್‌ನಲ್ಲಿ ತಂಗಿ, ಸುಮಾರು 5,200 ಮೀಟರ್ ಎತ್ತರದ ಕೊಂಗ್ಮಾರು ಲಾ ಹತ್ತಿ ಆಚೆ ಇಳಿಯೋ ದಾರಿ ಇದು. ಹಳ್ಳಿಗಳಲ್ಲಿ ಹೋಂಸ್ಟೇ ಸಿಗುತ್ತೆ, ದಾರಿ ಸ್ಪಷ್ಟವಾಗಿದೆ. ಹಾಗಾಗಿ "ಈಸಿ ಟ್ರೆಕ್ ಮಗಾ" ಅನ್ನೋ ಮಾತು ಬೇಗ ಹರಡಿಬಿಡುತ್ತೆ.

ಈಗ ಲೆಕ್ಕ ಹಾಕೋಣ. ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ, ಲೇಹ್ 3,500ರಲ್ಲಿ. ವಿಮಾನ ಆ ವ್ಯತ್ಯಾಸವನ್ನು ಕೆಲವೇ ಗಂಟೆಗಳಲ್ಲಿ ದಾಟಿಸುತ್ತೆ, ಆದರೆ ದೇಹ ಹೊಂದಿಕೊಳ್ಳೋಕೆ ದಿನಗಳೇ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗೋ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡಿ ಅಂತ ವೈದ್ಯರು ಹೇಳ್ತಾರೆ. ಹಂಕರ್ ಇರೋದು ಸುಮಾರು 4,000ದಲ್ಲಿ, ನಿಮಾಲಿಂಗ್ ಸುಮಾರು 4,800ರಲ್ಲಿ. ಒಂದೇ ದಿನಕ್ಕೆ 800 ಮೀಟರ್! ನಡುವೆ ಥಚುಂಗ್ತ್ಸೆಯಲ್ಲಿ ಒಂದು ರಾತ್ರಿ ತಂಗಿದರೆ ಈ ಏರಿಕೆ ಎರಡು ಭಾಗವಾಗುತ್ತೆ. ರಜೆ ಕಮ್ಮಿ ಅಂತ ಶೀಟ್‌ನಿಂದ ಮೊದಲು ಹಾರಿಹೋಗೋದು ಇದೇ ರಾತ್ರಿ.

ಸರಿಯಾದ ಲೆಕ್ಕ ನಮ್ಮ ಪ್ರಕಾರ ಹೀಗಿರಬೇಕು: ಲೇಹ್‌ನಲ್ಲಿ ಮೂರು ದಿನ, ನಡಿಗೆಗೆ ಆರು, ಏನೂ ಬರೆಯದ ಖಾಲಿ ದಿನ ಎರಡು, ವಾಪಸ್ ಬರೋಕೆ ಒಂದು. ಒಟ್ಟು 12. ಸೇತುವೆಗೆ ಫ್ಯಾಕ್ಟರ್ ಆಫ್ ಸೇಫ್ಟಿ ಇಡದಿದ್ರೆ ಇಂಟರ್ನಲ್ಸ್‌ನಲ್ಲೇ ಮಾರ್ಕ್ಸ್ ಹೋಗುತ್ತೆ. ಈ ಎರಡು ಖಾಲಿ ದಿನಗಳೂ ಅದೇ ಕೆಲಸ ಮಾಡ್ತವೆ.

"ಅಷ್ಟು ರಜೆ ಎಲ್ಲಿದೆ? ದುಡ್ಡೆಲ್ಲಿದೆ?" ಅಂತೀರಿ. ನ್ಯಾಯವಾದ ಪ್ರಶ್ನೆ. ಎರಡು ದಿನ ಹೆಚ್ಚಾದರೆ ಊಟ, ವಸತಿಯ ಖರ್ಚು ಏರೋದು ನಿಜ. ಆದರೆ ರಜೆ ಎಂಟೇ ದಿನ ಇದ್ದರೆ ಬದಲಾಯಿಸಬೇಕಾದ್ದು ಜಾಗವನ್ನು. ಲೇಹ್‌ನ ಪಶ್ಚಿಮಕ್ಕಿರೋ ಶಾಮ್ ಕಣಿವೆಯಲ್ಲಿ ಲಿಕಿರ್‌ನಿಂದ ತೆಮಿಸ್ಗಮ್‌ವರೆಗಿನ ನಡಿಗೆ ಮೂರು ದಿನದ್ದು, ಎತ್ತರವೂ ಕಮ್ಮಿ, ಹಳ್ಳಿಗಳೂ ಹತ್ತಿರ. ಅದೂ ಲಡಾಖೇ.

"ಗೈಡ್ ಇರ್ತಾರಲ್ಲ?" ಇರ್ತಾರೆ, ಇರಲೇಬೇಕು. ಆದರೆ "ಸರ್, ನಾಡಿದ್ದು ಫ್ಲೈಟ್ ಇದೆ" ಅಂತ ಹತ್ತು ಜನ ದುಂಬಾಲು ಬಿದ್ದರೆ ಗೈಡ್ ಮಾತಿಗೆ ಎಷ್ಟು ಬೆಲೆ ಉಳಿಯುತ್ತೆ? ಅದಕ್ಕೇ ನಿಯಮಗಳನ್ನು ಇಲ್ಲೇ, ತಲೆ ತಣ್ಣಗಿರುವಾಗಲೇ ಬರೆದಿಡಬೇಕು. ತಲೆನೋವು, ವಾಂತಿ ಇದ್ದವರು ಮೇಲೆ ಹತ್ತೋ ಹಾಗಿಲ್ಲ. ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ತಕ್ಷಣ ಕೆಳಗಿಳಿಸಬೇಕು, ಜೊತೆಗೆ ಒಬ್ಬರು ಹೋಗಲೇಬೇಕು. ಮಧ್ಯಾಹ್ನದೊಳಗೆ ಕಣಿವೆದಾರಿಯ ನೆತ್ತಿ ಮುಟ್ಟದಿದ್ದರೆ ವಾಪಸ್. ಹಿಮ ಕರಗಿ ಸಂಜೆ ಹೊತ್ತಿಗೆ ಹೊಳೆಗಳ ನೀರು ಏರುತ್ತೆ, ಹಾಗಾಗಿ ದಾಟೋದೇನಿದ್ದರೂ ಬೆಳಿಗ್ಗೆ. ತಂಡದಲ್ಲಿ ಯಾರೇ "ನನ್ನ ಕೈಲಾಗಲ್ಲ" ಅಂದರೂ ಅಣಕಿಸೋ ಹಾಗಿಲ್ಲ.

ಇನ್ನೊಂದು ಮಾತು, ಫೋನಿನದ್ದು. ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಬೇಕು. ಕಣಿವೆಯೊಳಗೆ ಅದನ್ನೂ ನಂಬೋ ಹಾಗಿಲ್ಲ. ಸ್ಯಾಟಲೈಟ್ ಫೋನನ್ನು ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಳ್ಳೋದು ನಮ್ಮ ದೇಶದಲ್ಲಿ ಅಪರಾಧ. ಉಳಿದದ್ದು ಹಳೇ ವಿಧಾನ: ಯಾವ ರಾತ್ರಿ ಎಲ್ಲಿ ತಂಗ್ತೀವಿ, ಯಾವ ದಿನದವರೆಗೆ ಸುದ್ದಿ ಬರದಿದ್ದರೆ ಲೇಹ್‌ನಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ ಬರೆದು ಮನೆಯವರ ಕೈಗೆ ಕೊಟ್ಟು ಹೋಗೋದು. ಅಮ್ಮನಿಗೆ "ಫ್ರೆಂಡ್ ಮನೆಗೆ" ಅಂತ ಹೇಳಿ ಹೊರಡೋ ಜಾಗ ಇದಲ್ಲ.

ಇಷ್ಟನ್ನೂ ಬರೆಯೋಕೆ ಒಂದು ಹಾಳೆ ಸಾಕು, ಕ್ಯಾಂಟೀನ್‌ನಲ್ಲಿ ಒಂದು ಸಂಜೆ ಸಾಕು. ತಂಡದ ಎಲ್ಲರೂ ಓದಿ ಒಪ್ಪಿದ ಮೇಲೆ ಟಿಕೆಟ್ ಬುಕ್ ಮಾಡಿ. ಒಪ್ಪದವರು ಯಾರಾದ್ರೂ ಇದ್ದರೆ ಅದು ಇಲ್ಲೇ ಗೊತ್ತಾಗಲಿ, ನಿಮಾಲಿಂಗ್‌ನಲ್ಲಿ ಬೇಡ.