ಹೊಳೆಯ ದಂಡೆಯ ಒಂದು ರಾತ್ರಿ ಯಾರ ಪಾಲಿಗೆ?

ಶಿವಗಂಗೆಯ ಬೆಟ್ಟದಲ್ಲಿ ಹುಟ್ಟಿ, ಈಚೆಗೆ ಮಳೆಗಾಲದಲ್ಲಿ ಮಾತ್ರ ನೀರು ಕಾಣುವ ಕುಮುದ್ವತಿ ನಮ್ಮ ನೆಲಮಂಗಲ ತಾಲ್ಲೂಕನ್ನು ಹಾಯ್ದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಅಲ್ಲಿಂದ ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಆ ನೀರು ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಸಂಗಮಕ್ಕೆ ಸಮೀಪದಲ್ಲಿ ಗಾಳಿಬೋರೆ, ಹೊಳೆಯ ಮೇಲ್ಗಡೆ ಭೀಮೇಶ್ವರಿ. 1980ರಲ್ಲಿ ಸ್ಥಾಪನೆಯಾದ, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಈ ಎರಡೂ ಕಡೆ ದಂಡೆಯಲ್ಲಿ ಡೇರೆ ಹಾಕಿ, ಹೊಳೆಯಲ್ಲಿ ತೆಪ್ಪ ಬಿಟ್ಟು ಅತಿಥಿಗಳನ್ನು ಸತ್ಕರಿಸುತ್ತದೆ. ಜಾಗ ಸೊಗಸಾದದ್ದು, ಏರ್ಪಾಡೂ ಅಚ್ಚುಕಟ್ಟು. ಅದನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ. ಆದರೆ ಅಲ್ಲಿ ಆಳೊಂದಕ್ಕೆ ಒಂದು ರಾತ್ರಿಯ ದರ ಸಾವಿರಗಳ ಲೆಕ್ಕದಲ್ಲಿದೆ. ಗಂಡ, ಹೆಂಡತಿ, ಎರಡು ಮಕ್ಕಳು ಹೋಗಿಬಂದರೆ ದಾಬಸ್‌ಪೇಟೆಯ ಗುತ್ತಿಗೆ ಕಾರ್ಮಿಕನ ತಿಂಗಳ ಸಂಬಳದಲ್ಲಿ ಉಳಿಯುವುದೇನು?

ಡೇರೆಯಲ್ಲಿ ಮಲಗುವುದು, ದೋಣಿ ಹತ್ತುವುದು ಉಳ್ಳವರ ಷೋಕಿ, ದುಡಿಯುವವರಿಗೆ ಅದೇಕೆ ಎಂದು ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಅವರು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಮರೆತಿರಬೇಕು. ಗಾಡಿಯ ಪಕ್ಕದಲ್ಲಿ ಗುಡಾರ ಕಟ್ಟಿ, ಮೂರು ಕಲ್ಲಿಟ್ಟು ಮುದ್ದೆ ಬೇಯಿಸಿ, ಬಯಲಲ್ಲೇ ರಾತ್ರಿ ಕಳೆಯುವುದನ್ನು ನಮ್ಮ ರೈತನಿಗೆ ಯಾವ ದೊರೆಯೂ ಬಂದು ಕಲಿಸಲಿಲ್ಲ. ಹೊರಗಿನ ನಿದರ್ಶನವೇ ಬೇಕೆಂದರೆ 1936ರ ಫ್ರಾನ್ಸ್ ಇದೆ. ಆ ವರ್ಷದ ಜೂನ್‌ನಲ್ಲಿ ಲಿಯೋನ್ ಬ್ಲೂಮ್‌ರ ಸರ್ಕಾರ ಕಾರ್ಮಿಕರಿಗೆ ಸಂಬಳ ಸಹಿತ ಎರಡು ವಾರದ ರಜೆಯನ್ನು ಕಾನೂನು ಮಾಡಿತು. ಅಷ್ಟಕ್ಕೇ ನಿಲ್ಲದೆ, ಬಿಡುವಿನ ವಿಚಾರಕ್ಕೆಂದೇ ಲಿಯೋ ಲಗ್ರಾಂಜ್ ಎಂಬವರನ್ನು ನೇಮಿಸಿ, ರೈಲಿನ ದರದಲ್ಲಿ ನೂರಕ್ಕೆ ನಲವತ್ತು ಕಡಿತ ಮಾಡಿಸಿತು. ಸಮುದ್ರವನ್ನೇ ನೋಡದಿದ್ದ ಗಿರಣಿಯ ಜನ ಸೈಕಲ್ಲಿಗೆ ಡೇರೆ ಕಟ್ಟಿಕೊಂಡು ಹೊರಟರು, ಹೊಳೆಯ ದಡದಲ್ಲಿ ಬಿಡಾರ ಹೂಡಿದರು. ರಜೆಯ ಜೊತೆಗೆ ಹೋಗಲು ದಾರಿಯೂ ಇದ್ದುದರಿಂದ ಅದು ಸಾಧ್ಯವಾಯಿತು. ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆ ವಾರಕ್ಕೊಂದು ರಜೆ ಕೊಟ್ಟಿತು. ವರ್ಷಕ್ಕೆ 240 ದಿನ ದುಡಿದವನಿಗೆ ಇಪ್ಪತ್ತು ದಿನಕ್ಕೊಂದರಂತೆ ಸಂಬಳ ಸಹಿತ ರಜೆಯನ್ನೂ ಕೊಟ್ಟಿತು. ಆ ರಜೆಯನ್ನು ಎಲ್ಲಿ ಕಳೆಯಬೇಕೆಂದು ಯಾರೂ ಯೋಚಿಸಲಿಲ್ಲ. ಮದುವೆ, ತಿಥಿ, ಆಸ್ಪತ್ರೆಗಳಲ್ಲೇ ಅದು ಕರಗಿಹೋಗುತ್ತದೆ.

ಹಾಗಾದರೆ ಹಣವಿಲ್ಲದ ಹುಡುಗರು ಎಲ್ಲಿಗೆ ಹೋಗುತ್ತಾರೆ? ಮಂಚನಬೆಲೆಯಂಥ ಜಲಾಶಯಗಳಿಗೆ. ಭಾನುವಾರ ಬೈಕಿನಲ್ಲಿ ಹೋಗಿ, ಈಜು ಬಾರದಿದ್ದರೂ ನೀರಿಗಿಳಿದು, ಹೂಳಿನಲ್ಲಿ ಕಾಲು ಸಿಕ್ಕಿ ಪ್ರಾಣ ಬಿಟ್ಟವರ ಸುದ್ದಿ ಅಲ್ಲಿಂದ ಮತ್ತೆ ಮತ್ತೆ ಬಂದಿದೆ. ‘ಅಪಾಯ, ನೀರಿಗೆ ಇಳಿಯಬಾರದು’ ಎಂಬ ಫಲಕ ನೆಟ್ಟರೆ ಕರ್ತವ್ಯ ಮುಗಿಯಿತೆಂಬ ಭಾವನೆ ಅಧಿಕಾರಿಗಳಲ್ಲಿ ಇದ್ದಂತಿದೆ. ಹಣವಿದ್ದವನಿಗೆ ಲೈಫ್ ಜಾಕೆಟ್ಟು, ಇಲ್ಲದವನಿಗೆ ಫಲಕ! ಇದನ್ನು ನಾವು ಒಪ್ಪಲಾರೆವು.

ಇದಕ್ಕೆ ಪರಿಹಾರವಾಗಿ ಕೆರೆಯನ್ನು ಗುತ್ತಿಗೆದಾರನಿಗೆ ವಹಿಸೋಣ, ಅವನೇ ದೋಣಿ ತರುತ್ತಾನೆ, ದೀಪ ಹಾಕಿಸುತ್ತಾನೆ ಎನ್ನುವ ಸಲಹೆಯೂ ಹೊಸದಲ್ಲ. ಬೆಂಗಳೂರಿನಲ್ಲಿ ಹೆಬ್ಬಾಳ, ನಾಗವಾರದ ಕೆರೆಗಳನ್ನು ಹೀಗೆಯೇ ಖಾಸಗಿಯವರಿಗೆ ಕೊಟ್ಟರು. ನಿನ್ನೆಯವರೆಗೆ ದನಕ್ಕೆ ನೀರು ಕುಡಿಸುತ್ತಿದ್ದ ಏರಿಯ ಮೇಲೆ ಬಾಗಿಲು ಬಂತು, ಬಾಗಿಲಲ್ಲಿ ಚೀಟಿ ಬಂತು. 2008ರಲ್ಲಿ ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2012ರಲ್ಲಿ ನ್ಯಾಯಾಲಯ ಕೆರೆಗಳು ಸಾರ್ವಜನಿಕರ ಸ್ವತ್ತಾಗಿಯೇ ಉಳಿಯಬೇಕೆಂಬ ನಿಲುವನ್ನು ಎತ್ತಿಹಿಡಿಯಿತು. ಗುತ್ತಿಗೆಯಿಂದ ಸುರಕ್ಷತೆಯಾದರೂ ಬರುತ್ತದೆಯೇ? ವಡೋದರದ ಹರ್ಣಿ ಕೆರೆಯನ್ನು ನೋಡಿ. ಅಲ್ಲಿನ ದೋಣಿವಿಹಾರವನ್ನು ಪಾಲಿಕೆ ಗುತ್ತಿಗೆಗೇ ಕೊಟ್ಟಿತ್ತು. 2024ರ ಜನವರಿ 18ರಂದು ಮಿತಿಮೀರಿ ತುಂಬಿದ ದೋಣಿ ಮಗುಚಿ ಶಾಲೆಯ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಹಲವರ ಮೈಮೇಲೆ ಲೈಫ್ ಜಾಕೆಟ್ಟೇ ಇರಲಿಲ್ಲ. ತಲೆ ಎಣಿಸಿ ಲಾಭ ನೋಡುವವನು ಇನ್ನೊಂದು ತಲೆಯನ್ನು ಬೇಡವೆನ್ನುವನೇ?

ನಾವು ಕೇಳುವುದು ದೊಡ್ಡದೇನೂ ಅಲ್ಲ. ನೆಲಮಂಗಲದ ಸುತ್ತ ಒಂದು ಕೆರೆಯ ದಂಡೆಯಲ್ಲಿ ಎರಡು ಎಕರೆ ಸಮತಟ್ಟು ಜಾಗ, ಕುಡಿಯುವ ನೀರಿನ ನಲ್ಲಿ, ಹೆಂಗಸರಿಗೆ ಬೇರೆಯಾಗಿ ಕಕ್ಕಸು, ಒಬ್ಬ ಕಾವಲುಗಾರ, ಬಾಡಿಗೆಗೆ ಡೇರೆಗಳು. ಕಾಂಕ್ರೀಟು ಬೇಕಿಲ್ಲ. ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ಉಳಿಸಲು 2003ರಲ್ಲಿ ಸರ್ಕಾರ ಹೊರಡಿಸಿದ ಆಜ್ಞೆ ಕಟ್ಟಡಗಳಿಗೆ ಕಡಿವಾಣ ಹಾಕಿತ್ತು. ಮುಂದೆ ಅದು ಸಡಿಲಗೊಂಡದ್ದು ನಮಗೆ ಸಮಾಧಾನದ ಸಂಗತಿಯಲ್ಲ. ಡೇರೆಯಾದರೋ ಬೆಳಿಗ್ಗೆ ಮಡಚಿದರೆ ನೆಲ ನೆಲವಾಗಿಯೇ ಉಳಿಯುತ್ತದೆ. ದೋಣಿಯ ಕೆಲಸ ಮೀನುಗಾರರ ಸಹಕಾರ ಸಂಘಕ್ಕೆ ಸಲ್ಲಬೇಕು. ಬಿದಿರು ಹೆಣೆದು ಕಟ್ಟುವ ದುಂಡು ತೆಪ್ಪಕ್ಕೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಗೆ ಡಾಂಬರು ಬಳಿಯುತ್ತಾರೆ. ಹೊಸಬನ ಕೈಯಲ್ಲಿ ಅದು ನಿಂತಲ್ಲೇ ಗಿರಗಿರನೆ ಸುತ್ತುತ್ತದೆ. ಒಂದೇ ಹುಟ್ಟಿನಲ್ಲಿ ನೀರನ್ನು ಎದುರಿನಿಂದ ಎಳೆದು ಅದನ್ನು ನೇರವಾಗಿ ನಡೆಸುವವನಿಗೆ ದಿನಗೂಲಿಯಲ್ಲ, ಸಂಘದ ಪಾಲು ಸಿಗಲಿ. ಎಷ್ಟು ಜನ ಹತ್ತಬಹುದೆಂಬುದನ್ನು ಪ್ರತಿ ತೆಪ್ಪದ ಮೇಲೂ ಬರೆಸಲಿ, ಜಾಕೆಟ್ಟು ತೊಡದವರನ್ನು ಹತ್ತಿಸದಿರಲಿ, ಕತ್ತಲಾದ ಮೇಲೆ ತೆಪ್ಪಗಳನ್ನು ದಡಕ್ಕೆಳೆದು ಬೋರಲು ಹಾಕಿ ಬೀಗ ಜಡಿಯಲಿ.

ಸಣ್ಣ ವ್ಯಾಪಾರಿಗಳು ಇದರಲ್ಲಿ ತಮಗೇನು ಎಂದು ಕೇಳಬಹುದು. ರೆಸಾರ್ಟಿಗೆ ಹೋದವನು ಊಟವನ್ನೂ ಅಲ್ಲೇ ಕೊಳ್ಳುತ್ತಾನೆ, ಪೇಟೆಯ ಮುಖ ನೋಡುವುದಿಲ್ಲ. ಡೇರೆಯ ಸಂಸಾರಕ್ಕೆ ಅಕ್ಕಿ, ಬೇಳೆ, ಸೌದೆ, ಮೇಣದ ಬತ್ತಿ, ಬೆಳಗಿನ ಹಾಲು ಎಲ್ಲವೂ ಬೇಕು. ಶಾಮಿಯಾನ ಬಾಡಿಗೆಯವರಿಗೂ ಮದುವೆಯ ಕಾಲ ಮುಗಿದ ಮೇಲೆ ಒಂದಿಷ್ಟು ಕೆಲಸ ಸಿಕ್ಕೀತು.

ಕೆರೆಗೆ ಚರಂಡಿಯ ನೀರು ಬೀಳುತ್ತಿರುವಾಗ ಇದೆಲ್ಲ ಗಾಳಿಗೋಪುರ ಎಂಬ ಆಕ್ಷೇಪಣೆಗೆ ನಮ್ಮಲ್ಲಿ ಉತ್ತರವಿಲ್ಲ. ಅದು ಸರಿಯಾದ ಆಕ್ಷೇಪಣೆ. ಆದ್ದರಿಂದ ಮೊದಲು ಚರಂಡಿ, ಆಮೇಲೆ ಡೇರೆ. ಆಯವ್ಯಯವನ್ನು ಸಿದ್ಧಪಡಿಸುವಾಗ ನಗರಸಭೆ ಈ ಎರಡನ್ನೂ ಒಂದೇ ಬಾಬಿನಲ್ಲಿ ಬರೆಯಲಿ; ಡೇರೆಯ ಬಾಡಿಗೆಯನ್ನು ಗೊತ್ತುಮಾಡುವ ಸಭೆಗೆ ಮೀನುಗಾರರ ಸಂಘದವರನ್ನೂ ಕಾರ್ಮಿಕ ಸಂಘಗಳವರನ್ನೂ ಕರೆಯಲಿ.