ಒಂದು ಚಾಕು, ಒಂದು ಸಾಣೆಕಲ್ಲು ಸಾಕು

ವಿಜಯಪುರದ ಪಾತ್ರೆ ಅಂಗಡಿಗಳಲ್ಲಿ ಈಗ ಇಳಗಿಯ ಪಕ್ಕದಲ್ಲೇ ಮರದ ಗೂಡಿಗೆ ಸಿಕ್ಕಿಸಿಟ್ಟ ಆರೇಳು ಚಾಕುಗಳ ಸೆಟ್ಟೂ ಮಾರಾಟಕ್ಕಿರುತ್ತದೆ. ಆಸೆಪಟ್ಟು ಅಡುಗೆ ಮಾಡುವವರ, ಬಂದವರಿಗೆ ಹೊಟ್ಟೆ ತುಂಬ ಬಡಿಸುವವರ ಕಣ್ಣು ಅದರ ಮೇಲೆ ಬೀಳುವುದು ಸಹಜ. ಆ ಉಮೇದು ಒಳ್ಳೆಯದೇ. ಆದರೆ ಸೆಟ್ಟಿನಲ್ಲಿ ದಿನಬಳಕೆಗೆ ಬರುವುದು ಒಂದೋ ಎರಡೋ. ಅವೂ ಕೆಲವೇ ತಿಂಗಳಲ್ಲಿ ಮೊಂಡಾಗುತ್ತವೆ. ಮಸೆಯಲು ಬಾರದವರ ಮನೆಯಲ್ಲಿ ಐನೂರರ ಚಾಕುವೂ ಐದು ಸಾವಿರದ ಚಾಕುವೂ ಆಮೇಲೆ ಒಂದೇ.

ಜೋಳದ ರೊಟ್ಟಿಯ ಊಟಕ್ಕೆ ಹರಿತದ ಹಂಗೇನು ಎಂದು ಕೇಳಬಹುದು. ರೊಟ್ಟಿ ಬಡಿಯುವಂಥದ್ದು, ಝುಣಕ ತಿರುವುವಂಥದ್ದು, ಶೇಂಗಾ ಹಿಂಡಿ ಕುಟ್ಟುವಂಥದ್ದು ನಿಜ. ಆದರೆ ಎಣಗಾಯಿಗೆ ಬನ್ನಿ. ಎಳೆಯ ಗುಂಡು ಬದನೆಯನ್ನು ತೊಟ್ಟು ಹಿಡಿದು ತಲೆಕೆಳಗು ಮಾಡಿ, ಬುಡದಿಂದ ಅಡ್ಡ ಒಂದು, ಉದ್ದ ಒಂದು ಸೀಳಬೇಕು. ತೊಟ್ಟಿಗೆ ಅರ್ಧ ಇಂಚು ಇರುವಾಗ ಕೈ ನಿಲ್ಲಬೇಕು. ಬದನೆಯ ಸಿಪ್ಪೆ ನುಣುಪು ಮತ್ತು ಬಿಗಿ, ಒಳಗಿನ ತಿರುಳು ಮೆತ್ತಗೆ. ಮೊಂಡ ಚಾಕು ಸಿಪ್ಪೆಯ ಮೇಲೆ ಜಾರುತ್ತದೆ. ಒತ್ತಿದರೆ ಒಮ್ಮೆಲೆ ಒಳನುಗ್ಗಿ ಒಂದು ಹೋಳನ್ನೇ ಬೇರ್ಪಡಿಸುತ್ತದೆ. ಒಳಗೆ ತುಂಬಿದ ಗುರೆಳ್ಳು, ಶೇಂಗಾ, ಒಣಕೊಬ್ಬರಿಯ ಮಸಾಲೆ ಎಣ್ಣೆಯ ಪಾಲು. ಬದನೆಯ ಮೇಲಿನ ಈ ಮೋಹ ಹೊಸದಲ್ಲ, 1508ರ ಸುಮಾರಿಗೆ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ದಲ್ಲೂ ಬದನೆಯ ಅಡುಗೆಗಳಿಗೆ ದೊಡ್ಡ ಜಾಗವಿದೆ.

ಹಸಿ ಮೆಂತ್ಯದ ಪಚಡಿಯಲ್ಲಿ ಹರಿತಕ್ಕೂ ಮೊಂಡಿಗೂ ಇರುವ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಹರಿತ ಅಲಗು ಸೊಪ್ಪಿನ ಕೋಶಗಳನ್ನು ಸೀಳುತ್ತದೆ, ಮೊಂಡ ಅಲಗು ಜಜ್ಜುತ್ತದೆ. ಜಜ್ಜಿದ ಸೊಪ್ಪು ರಸ ಬಿಟ್ಟು ಬೇಗ ಕಪ್ಪಾಗುತ್ತದೆ. ಹೆಚ್ಚಿದ ಬದನೆ ಕಪ್ಪಾಗುವುದಕ್ಕೂ ಕಾರಣ ಇದೇ ಜಾತಿಯದು. ಒಡೆದ ಕೋಶಗಳಿಂದ ಹೊರಬಂದ ಕಿಣ್ವಕ್ಕೆ ಗಾಳಿ ತಾಕಿದರೆ ಬಣ್ಣ ತಿರುಗುತ್ತದೆ. ಹೋಳುಗಳನ್ನು ಉಪ್ಪುನೀರಿಗೆ ಹಾಕುವುದು ಅದನ್ನು ತಡೆಯಲಿಕ್ಕೆ.

ಉಳ್ಳಾಗಡ್ಡಿಯ ಕಣ್ಣೀರಿಗೂ ಚಾಕುವಿಗೂ ನಂಟಿದೆ. ಕೋಶ ಒಡೆದಾಗ ಗಂಧಕದ ಅಂಶಗಳು ಕಿಣ್ವಗಳೊಂದಿಗೆ ಬೆರೆತು ಕಣ್ಣು ಉರಿಸುವ ಆವಿಯಾಗುತ್ತವೆ. ಇದರಲ್ಲಿ ಕೈವಾಡವಿರುವ ಮುಖ್ಯ ಕಿಣ್ವವನ್ನು ಜಪಾನಿನ ವಿಜ್ಞಾನಿಗಳು ಗುರುತಿಸಿದ್ದು 2002ರಲ್ಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2025ರಲ್ಲಿ ಹೆಚ್ಚುವ ಕ್ಷಣವನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿದರು. ಮೊಂಡ ಅಲಗು ಪದರವನ್ನು ಮೊದಲು ಬಾಗಿಸಿ ಒತ್ತುತ್ತದೆ, ಅದು ಹರಿದಾಗ ರಸದ ಹನಿಗಳು ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ರಭಸದಲ್ಲಿ ಸಿಡಿಯುತ್ತವೆ. ಹರಿತ ಅಲಗಿಗೆ ಸಿಡಿತ ಕಡಿಮೆ. ನಮ್ಮ ಅತ್ತೆಯಂದಿರು ಕ್ಯಾಮೆರಾ ಇಲ್ಲದೆಯೂ ಹೇಳುತ್ತಿದ್ದರು: ‘ಇಳಗಿ ಮೊಂಡ ಆಗೇತಿ, ಒಂದೀಟು ಮಸ್ದ ಕೊಡ್ರಿ, ಕಣ್ಣು ಉರ್ಯಾಕತ್ತಾವು.’

ಇಳಗಿಯ ಬಗ್ಗೆ ತಾತ್ಸಾರ ಬೇಡ. ಅಲಗು ಕದಲದೆ ನಿಂತಿರುತ್ತದೆ, ಕಾಯಿಪಲ್ಯ ಹಿಡಿಯಲು ಎರಡೂ ಕೈ ಬಿಡುವಾಗಿರುತ್ತವೆ. ಬಾಗಿದ ಅಲಗಿನ ಮೇಲೆ ಹೋಳು ಜಾರುತ್ತಾ ಸೀಳಿಕೊಳ್ಳುವುದರಿಂದ ಬಲವೂ ಕಡಿಮೆ ಸಾಕು. ಅಡುಗೆ ಕಟ್ಟೆ ಎತ್ತರಕ್ಕೆ ಬಂದು ನಿಂತು ಕೆಲಸ ಮಾಡುವ ರೂಢಿಯಾದ ಮೇಲೆ ಚಾಕು ಬಂತು. ಮಂಡಿ ನೋವಿದ್ದವರಿಗೆ ಅದೇ ಸರಿ. ಯಾವುದಿದ್ದರೂ ಅಲಗಿನ ಬಾಯಿ ತೆಳುವಾಗಿರಬೇಕು. ಒತ್ತುವ ಬಲ ಅಷ್ಟೇ ಇದ್ದು ಅದು ಬೀಳುವ ಜಾಗ ಕಿರಿದಾದಷ್ಟೂ ಸೀಳುವುದು ಸಲೀಸು. ಚೆನ್ನಾಗಿ ಮಸೆದ ಬಾಯಿ ಮಿಲಿಮೀಟರಿನ ಸಾವಿರದ ಕೆಲವೇ ಪಾಲು ದಪ್ಪ ಇರುತ್ತದೆ. ಮೊಂಡಾದದ್ದು ಅದರ ಎಷ್ಟೋ ಪಟ್ಟು.

ಲೋಹದ ಮಾತು ಚಿಕ್ಕದು. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠ ಶೇಕಡಾ 10.5 ಕ್ರೋಮಿಯಂ ಇರುತ್ತದೆ, ಬೇಗ ತುಕ್ಕು ಹಿಡಿಯುವುದಿಲ್ಲ. ಕಂಬಾರರು ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯಿಂದ ಬಡಿದುಕೊಡುವ ಅಲಗಿನಲ್ಲಿ ಇಂಗಾಲ ಹೆಚ್ಚು. ಅದು ಕಲ್ಲಿಗೆ ಬೇಗ ಬಾಯಿ ಕೊಡುತ್ತದೆ. ಆದರೆ ಒದ್ದೆ ಇಟ್ಟರೆ ತುಕ್ಕು, ಹುಳಿ ತಾಕಿದರೆ ಕಪ್ಪು. ಒರೆಸಿ ಎಣ್ಣೆ ಸವರಿಡುವ ಶಿಸ್ತು ಇದ್ದವರು ಅದನ್ನೇ ಕೊಳ್ಳಲಿ.

ಈಗ ಮಸೆಯುವ ಕೆಲಸ. ಎರಡು ಮುಖದ ಕಲ್ಲು ತಂದು, ಒದ್ದೆ ಬಟ್ಟೆಯ ಮೇಲೆ ಅಲುಗದಂತೆ ಇಟ್ಟು, ನೀರು ಚಿಮುಕಿಸಿ. ಚಾಕುವನ್ನು ಮಲಗಿಸಿ ಬೆನ್ನನ್ನು ಅಲಗಿನ ಅಗಲದ ಮೂರನೇ ಒಂದು ಪಾಲಿನಷ್ಟು ಎತ್ತಿ. ನಾಲ್ಕೂವರೆ ಸೆಂಟಿಮೀಟರ್ ಅಗಲದ ಅಲಗಾದರೆ ಒಂದೂವರೆ ಸೆಂಟಿಮೀಟರ್. ಇದು ಹೆಚ್ಚುಕಡಿಮೆ 20 ಡಿಗ್ರಿ. ಕೋನ ಬದಲಿಸದೆ ಉರುಟು ಮುಖದ ಮೇಲೆ ಒಂದು ಬದಿ ಉಜ್ಜುತ್ತಾ ಹೋಗಿ. ಆಚೆ ಬದಿಯ ಅಂಚಿಗೆ ಹೆಬ್ಬೆರಳನ್ನು ಹಗುರವಾಗಿ ಹೊರಮುಖವಾಗಿ ಸವರಿದಾಗ ತರಿತರಿ ತಾಕಿತೆಂದರೆ ಆ ಬದಿ ಮುಗಿಯಿತು. ಬದಿ ತಿರುಗಿಸಿ ಅದನ್ನೇ ಮಾಡಿ, ಆಮೇಲೆ ನುಣುಪು ಮುಖದ ಮೇಲೆ ಹಗುರ ಕೈಯಿಂದ ಆ ತರಿ ತೆಗೆಯಿರಿ. ವೃತ್ತಪತ್ರಿಕೆಯ ಹಾಳೆ ಎತ್ತಿ ಹಿಡಿದು ಸೀಳಿ ನೋಡಿ. ಸಿಕ್ಕಿಕೊಳ್ಳದೆ ಇಳಿದರೆ ಕೆಲಸ ಆಯಿತು.

ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಬರುವವರಿಗೆ ಕೊಡುವುದಾದರೆ ಪಕ್ಕದಲ್ಲಿ ನೀರಿಡಿ, ನಡುನಡುವೆ ಅದ್ದಲು ಹೇಳಿ. ಒಣಚಕ್ರದಲ್ಲಿ ಕಿಡಿ ಹಾರಿಸಿ ಅಂಚು ನೀಲಿ ತಿರುಗಿದರೆ ಆ ಭಾಗದ ಶಾಖ 300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿತೆಂದೇ ಲೆಕ್ಕ. ಕಂಬಾರ ಕೊಟ್ಟ ಹದ ಅಲ್ಲಿಗೆ ಹೋಯಿತು, ಹರಿತ ಒಂದು ವಾರವೂ ನಿಲ್ಲುವುದಿಲ್ಲ.

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಹರಿತದ ಪಾಠ ಬೇಕಿಲ್ಲ. ಏಪ್ರಿಲ್ ಮತ್ತು ಅಕ್ಟೋಬರ್ ಹೊತ್ತಿನ ಚಾಟ್ನಿಗೆ, ಅಂದರೆ ಬಳ್ಳಿ ಸವರುವ ಕೆಲಸಕ್ಕೆ, ಕತ್ತರಿ ಮಸೆಯದೆ ತೋಟಕ್ಕೆ ಇಳಿಯುವುದಿಲ್ಲ, ಜಜ್ಜಿದ ಕಡ್ಡಿಗೆ ರೋಗ ಬೇಗ ಹತ್ತುತ್ತದೆಂದು ಅವರಿಗೆ ಗೊತ್ತು. ಅದೇ ಮನೆಗಳ ಅಡುಗೆಮನೆಯಲ್ಲಿ ಚಾಕು ವರ್ಷಗಟ್ಟಲೆ ಕಲ್ಲು ಕಂಡಿರುವುದಿಲ್ಲ. ತೋಟದ ಹತಾರಕ್ಕೆ ಖರ್ಚು, ಒಲೆ ಮುಂದಿನ ಹತಾರಕ್ಕೆ ‘ನಡೀತದ ಬಿಡ್ರಿ’. ಮೂರು ಹೊತ್ತು ಹೆಚ್ಚುವವರ ಮಣಿಕಟ್ಟಿನ ನೋವು ಯಾರ ಲೆಕ್ಕದಲ್ಲೂ ಇಲ್ಲ. ಮೊಂಡ ಚಾಕು ಕೈ ಕುಯ್ಯುವುದಿಲ್ಲ ಎನ್ನುವ ವಾದವೂ ಸುಳ್ಳು. ಹೆಚ್ಚು ಒತ್ತಬೇಕಾಗುವುದರಿಂದಲೇ ಅದು ಜಾರುತ್ತದೆ, ಜಾರಿದಾಗ ಬೆರಳಿಗೇ ಬರುತ್ತದೆ.

ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಗೋ ಪೇಟೆಗೋ ಹೋದಾಗ ಸೆಟ್ಟಿನ ಮುಂದೆ ನಿಲ್ಲಬೇಡಿ. ಕೈಗೆ ಒಗ್ಗುವ ಒಂದು ಚಾಕು, ಎರಡು ಮುಖದ ಒಂದು ಕಲ್ಲು ತನ್ನಿ. ಅಟ್ಟದ ಮೇಲೆ ಹಳೆ ಇಳಗಿ ಇದ್ದರೆ ಇಳಿಸಿ ಸಾಣೆಗೆ ಕೊಡಿ. ಸಾಣೆಯವರು ಕೇಳಿದ ಹಣಕ್ಕೆ ಚೌಕಾಸಿ ಮಾಡಬೇಡಿ.